ಸ್ಕೀನ್ಸ್‌ಗೇ ಪ್ರಶಸ್ತಿ ಅಂದಿದ್ದೆ, ನನ್ನ ಲೆಕ್ಕ ಹೀಗಿತ್ತು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ 2024ರ ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸ ಆಟಗಾರ) ಪ್ರಶಸ್ತಿ ಪಿಚರ್, ಅಂದರೆ ಚೆಂಡು ಎಸೆಯುವ ಪಾಲ್ ಸ್ಕೀನ್ಸ್‌ಗೆ ಹೋಯಿತು. ಮೊದಲ ಸ್ಥಾನದ 30 ವೋಟುಗಳಲ್ಲಿ 23 ಅವನಿಗೆ, 7 ಬ್ಯಾಟರ್ ಜಾಕ್ಸನ್ ಮೆರಿಲ್‌ಗೆ. ಆಗಸ್ಟ್‌ನಿಂದಲೂ ನಾನು ಹೇಳುತ್ತಿದ್ದದ್ದು ಇದನ್ನೇ. ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಮೆರಿಲ್ ದಿನಾ ಆಡುತ್ತಾನೆ, ಇವನು ಐದಾರು ದಿನಕ್ಕೊಮ್ಮೆ ಬರುತ್ತಾನೆ, ಹೇಗೆ ಸಮ ಅನ್ನೋದೇ ಅವರ ವಾದ.

ಯಾರು ಗೆಲ್ಲುತ್ತಾರೆ ಅಂತ ಲೆಕ್ಕ ಹಾಕಲು ಮಾಡಿದ್ದ ನನ್ನ ಮೊದಲ ಶೀಟ್‌ನಲ್ಲೂ ಮ್ಯಾಚ್‌ಗಳಿಗೇ ತೂಕ ಜಾಸ್ತಿ ಇತ್ತು. ಹಳೆಯ ವರ್ಷಗಳ ಮೇಲೆ ಓಡಿಸಿದಾಗ ಅದು ಪೂರ್ತಿ ಕೈಕೊಟ್ಟಿತು. 1959ರಲ್ಲಿ ವಿಲ್ಲಿ ಮೆಕೋವಿ ಬರೀ 52 ಮ್ಯಾಚ್ ಆಡಿ ಎಲ್ಲರ ವೋಟನ್ನೂ ಬಾಚಿಕೊಂಡಿದ್ದ. 2019ರಲ್ಲಿ ಯೋರ್ಡಾನ್ ಅಲ್ವಾರೆಜ್ 87 ಮ್ಯಾಚ್‌ಗೆ ಅದನ್ನೇ ಮಾಡಿದ. ಬರೀ ವಾರ್ (ಸಾಧಾರಣ ಬದಲಿ ಆಟಗಾರನಿಗಿಂತ ಇವನು ತಂಡಕ್ಕೆ ಎಷ್ಟು ಗೆಲುವು ಹೆಚ್ಚಿಗೆ ತಂದ ಅನ್ನೋ ಲೆಕ್ಕ) ನೋಡೋಣ ಅಂದರೆ ಅದೂ ಆಗಲಿಲ್ಲ. ಬೇಸ್‌ಬಾಲ್ ರೆಫರೆನ್ಸ್ ವೆಬ್‌ಸೈಟ್ ಸ್ಕೀನ್ಸ್ ಮುಂದೆ ಅನ್ನುತ್ತದೆ, ಫ್ಯಾನ್‌ಗ್ರಾಫ್ಸ್ ವೆಬ್‌ಸೈಟ್ ಮೆರಿಲ್ ಮುಂದೆ ಅನ್ನುತ್ತದೆ. ನಡುವೆ ಸುಮಾರು 80 ಡಾಲರ್ ಕೊಟ್ಟು ಒಂದು ಡೇಟಾ ಪ್ಯಾಕೇಜ್ ಬೇರೆ ಕೊಂಡೆ, ಅದರಲ್ಲಿದ್ದದ್ದೆಲ್ಲ ಬೇಸ್‌ಬಾಲ್ ಸವಾಂಟ್ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಕೊನೆಗೆ ಮ್ಯಾಚ್ ಎಣಿಸುವುದನ್ನೇ ಬಿಟ್ಟೆ. ಪಿಚರ್ ಮತ್ತು ಬ್ಯಾಟರ್ ಎದುರುಬದುರಾದ ಮುಖಾಮುಖಿಗಳನ್ನು ಎಣಿಸಿದೆ. ಸ್ಕೀನ್ಸ್ ಆಡಿದ್ದು 23 ಮ್ಯಾಚ್, ಸರಿ, ಆದರೆ 133 ಇನಿಂಗ್ಸ್‌ನಲ್ಲಿ ಅವನು ಎದುರಿಸಿದ ಬ್ಯಾಟರ್‌ಗಳು 500ಕ್ಕೂ ಜಾಸ್ತಿ. 156 ಮ್ಯಾಚ್ ಆಡಿದ ಮೆರಿಲ್ ಬ್ಯಾಟ್ ಹಿಡಿದು ನಿಂತದ್ದು 600ರ ಹತ್ತಿರ. ಅಷ್ಟೇ ಅಂತರ! ಒಂದು ಕನಿಷ್ಠ ಗೆರೆ ದಾಟಿದ ಮೇಲೆ ಎಷ್ಟು ಸಲ ಅನ್ನೋದು ಮುಖ್ಯ ಅಲ್ಲ, ಪ್ರತಿ ಸಲ ಏನಾಯಿತು ಅನ್ನೋದು ಮುಖ್ಯ. ಆ ಗೆರೆ ಎಲ್ಲಿ ಎಳೆದೆ, ಸೀಸನ್‌ನ ಕೊನೆಯ ತಿಂಗಳಾದ ಸೆಪ್ಟೆಂಬರ್‌ಗೆ ಎಷ್ಟು ತೂಕ ಕೊಟ್ಟೆ ಅಂತ ಇಲ್ಲಿ ಹೇಳುವುದಿಲ್ಲ. 1.96 ಇಆರ್‌ಎ (ಫೀಲ್ಡರ್‌ಗಳ ತಪ್ಪು ಬಿಟ್ಟು ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು), 170 ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡಿದ್ದು) ಇರುವವನನ್ನು ಆ ಶೀಟ್ ಕೆಳಗೆ ತಳ್ಳಲೇ ಇಲ್ಲ. ಒಳಗಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ಹುಡುಗ ಮೆರಿಲ್ ಹೊರಗಿನ ಸೆಂಟರ್ ಫೀಲ್ಡ್‌ಗೆ ಹೋಗಿ 24 ಹೋಮ್ ರನ್ ಹೊಡೆದದ್ದು ಸಣ್ಣ ಮಾತಲ್ಲ, ಫೀಲ್ಡಿಂಗ್‌ಗೆ ಅವನಿಗೆ ಧಾರಾಳವಾಗಿಯೇ ಅಂಕ ಕೊಟ್ಟಿದ್ದೆ. ಆದರೂ ಸಾಲಲಿಲ್ಲ.

ದುಡ್ಡಿನ ವಾದವೂ ಬಂತು. ಎಳೆಯ ಆಟಗಾರರಿಗೆಂದು ಇಟ್ಟ ಬೋನಸ್ ಪೂಲ್‌ನಿಂದ ಗೆದ್ದವನಿಗೆ 7.5 ಲಕ್ಷ ಡಾಲರ್, ಎರಡನೆಯವನಿಗೆ 5 ಲಕ್ಷ. ಸೀಸನ್ ಶುರುವಾದ ಮೇಲೆ ಮೇ 11ಕ್ಕೆ ಬಂದ ಸ್ಕೀನ್ಸ್‌ಗೆ ಪೂರ್ತಿ ವರ್ಷದ ಸರ್ವಿಸ್ ಟೈಮ್ (ಮುಂದಿನ ಸಂಬಳ, ಒಪ್ಪಂದಕ್ಕೆ ಲೆಕ್ಕವಾಗುವ ಲೀಗ್ ಸೇವೆ) ಸಿಗಲಿ ಅಂತ ವೋಟು ಹಾಕುತ್ತಾರೆ ಅಂದರು. ಎರಡನೇ ಸ್ಥಾನಕ್ಕೂ ಅದು ಸಿಗುತ್ತದೆ ಅಲ್ವಾ, ಆ ವಾದ ಅಲ್ಲಿಗೇ ಮುಗಿಯಿತು.

ಸುಮ್ನೆ ಅಮೆರಿಕನ್ ಲೀಗ್‌ಗೂ ಅದೇ ಶೀಟ್ ಹಾಕಿದೆ. ಅಲ್ಲಿ ಪಿಚರ್ ಲೂಯಿಸ್ ಗಿಲ್‌ಗೇ ಮುಖಾಮುಖಿ ಜಾಸ್ತಿ, 600 ದಾಟಿತ್ತು. ಬ್ಯಾಟರ್ ಕೋಲ್ಟನ್ ಕೌಸರ್ 560ರ ಆಸುಪಾಸು. ಕೂದಲೆಳೆಯಲ್ಲಿ ಗಿಲ್ ಅಂದಿತು ಶೀಟ್. ವೋಟಿಂಗ್ ಫಲಿತಾಂಶ ಗಿಲ್‌ಗೆ 106 ಅಂಕ, ಕೌಸರ್‌ಗೆ 101 ಅಂಕ. ಆರು ಜನರ ಊಟದ ಬಿಲ್ ನನ್ನ ಮಾತು ಒಪ್ಪದಿದ್ದ ಎದುರು ಪಾರ್ಟಿಯವರೇ ಕೊಟ್ಟರು, ಇನ್ನೂರು ಡಾಲರ್ ಮೇಲೇ ಆಗಿರಬೇಕು.

ಕ್ಯಾಚರ್‌ಗಳಿಗೆ ಮಾತ್ರ ಇದು ಇನ್ನೂ ಸರಿಯಾಗಿ ಕೂಡಿಬಂದಿಲ್ಲ. ಅಮೆರಿಕನ್ ಲೀಗ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ಯಾಚರ್ ಆಸ್ಟಿನ್ ವೆಲ್ಸ್‌ನ ಫ್ರೇಮಿಂಗ್ (ಅಂಪೈರ್ ಸ್ಟ್ರೈಕ್ ಅನ್ನುವಂತೆ ಚೆಂಡು ಹಿಡಿಯುವ ಕಲೆ) ಯಾವ ಕಾಲಂಗೂ ಬರುವುದಿಲ್ಲ. ಈಗ ಅದರ ಮೇಲೇ ಕೂತಿದ್ದೇನೆ.