ಟ್ರೇನರ್ ಕಿಟ್ ಮೂಲೆಗಿಟ್ಟು ಬ್ರೆಡ್‌ಬೋರ್ಡ್ ಹಿಡಿದೆ: ಕಾರವಾರದ ಲ್ಯಾಬಿನಲ್ಲಿ ನನ್ನ ಅನುಭವ

ಡಿಪ್ಲೊಮಾ ಹುಡುಗರಿಗೆ ಡಿಜಿಟಲ್ ಲ್ಯಾಬಿನಲ್ಲಿ ಸರ್ಕ್ಯೂಟ್ ಮೊದಲೇ ಜೋಡಿಸಿಟ್ಟ ಟ್ರೇನರ್ ಕಿಟ್ ಬಿಟ್ಟು, ಬೆಸುಗೆಯಿಲ್ಲದೆ ಚಿಪ್ಪು, ತಂತಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡ್ ಕೊಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. "ಮೊದಲ ವಾರದಲ್ಲೇ ಅರ್ಧ ಐಸಿ ಸುಟ್ಟು ಹಾಕ್ತಾರೆ, ನೋಡ್ತಾ ಇರಿ" ಅಂದರು ಹಿರಿಯರೊಬ್ಬರು. ಅವರ ಮಾತು ಸುಳ್ಳಾಗಲಿಲ್ಲ, ಐಸಿ ಚಿಪ್ಪುಗಳನ್ನು ಸುಟ್ಟರು. ಆದರೆ ಈ ಸಲ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪರೀಕ್ಷಕರು ಬೇಕೆಂತಲೇ ಒಂದು ವೈರ್ ಕಿತ್ತು "ಈಗ ಸರಿ ಮಾಡು" ಅಂದರೆ, ನಮ್ಮ ಹುಡುಗಿಯೊಬ್ಬಳು ಎರಡೇ ನಿಮಿಷದಲ್ಲಿ ಹುಡುಕಿಬಿಟ್ಟಳು. ಅದಕ್ಕೇ ಬರೆಯುತ್ತಿದ್ದೇನೆ.

ಕಿಟ್ಟಿನ ಹಣೆಬರಹ ನಿಮಗೂ ಗೊತ್ತು. ಪ್ಯಾಚ್ ಕಾರ್ಡ್ ಚುಚ್ಚು, ಎಲ್‌ಇಡಿ ನೋಡು, ಯಾವ ಇನ್‌ಪುಟ್ಟಿಗೆ ಯಾವ ಔಟ್‌ಪುಟ್ ಅನ್ನುವ ಟ್ರೂತ್ ಟೇಬಲ್ ರೆಕಾರ್ಡಿಗೆ ಇಳಿಸು. 0 ಅಥವಾ 1 ನೆನಪಿಡುವ ಫ್ಲಿಪ್-ಫ್ಲಾಪ್ ಐಸಿ 7476ರ ಸಪ್ಲೈ ಯಾವ ಪಿನ್ನಿಗೆ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಈಗ ಅದು 5 ಮತ್ತು 13 ಅಂತ ನಿದ್ದೆಯಲ್ಲೂ ಹೇಳುತ್ತಾರೆ, ಯಾಕೆಂದರೆ ಬೇರೆ 16 ಕಾಲಿನ ಐಸಿಗಳ ಅಭ್ಯಾಸಬಲದಿಂದ 16, 8ಕ್ಕೆ ಕೊಟ್ಟು ಒಂದಿಡೀ ಲ್ಯಾಬ್ ಕಳೆದಿದ್ದಾರೆ.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ನಾನೇ ಸಾಮಾನು ತಂದೆ. 20 ಬ್ರೆಡ್‌ಬೋರ್ಡ್, 60-70 ಐಸಿ, ಎಲ್‌ಇಡಿ, ರೆಸಿಸ್ಟರ್ ಎಲ್ಲ ಸೇರಿ ಸುಮಾರು 4,500 ರೂಪಾಯಿ, ಬಸ್ಸಿನ ದುಡ್ಡು ಬೇರೆ. ಬೋರ್ಡಿನಲ್ಲಿ ಕಾಸು ಉಳಿಸಲು ಹೋಗಿದ್ದೇ ತಪ್ಪು. ಮಳೆಗಾಲ ಶುರುವಾದ ಮೇಲೆ ಈ ಉಪ್ಪುಗಾಳಿಗೆ ಒಳಗಿನ ಕ್ಲಿಪ್ಪು ಹಸಿರಾಗಿ, ಐಸಿಯ ಕಾಲು ಕಪ್ಪಾಗಿ, ಕೌಂಟರ್ ತನಗೆ ತೋಚಿದಂತೆ ಎಣಿಸತೊಡಗಿತು. ಮೂರು ಲ್ಯಾಬಿನ ತನಕ ಹುಡುಗರನ್ನೇ ಬೈದೆ. ತಪ್ಪು ಬೋರ್ಡಿನದು. ಈಗ ಎಲ್ಲವೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್. ಕಪಾಟು ಬೆಚ್ಚಗಿರಲಿ ಅಂತ ಒಳಗೆ ರಾತ್ರಿಯಿಡೀ ಹಳೇ ಕಾಲದ 15 ವ್ಯಾಟಿನ ತಂತಿ ಬಲ್ಬು ಉರಿಯುತ್ತದೆ.

ಮೊದಲ ಸೆಮಿಸ್ಟರಿನಲ್ಲಿ 25ರ ಹತ್ತಿರ ಐಸಿ ಹೋದವು, ಹೆಚ್ಚಿನವು ತಿರುಗುಮುರುಗಾಗಿ ಕೂರಿಸಿ. ನಾಲ್ಕು ನ್ಯಾಂಡ್ ಗೇಟಿರುವ (ಎರಡೂ ಇನ್‌ಪುಟ್ 1 ಆದಾಗ ಮಾತ್ರ 0 ಕೊಡುವ ಗೇಟು) 7400 ಐಸಿ ಹಾಗೆ ಕೂತರೆ 14ನೇ ಪಿನ್ನಿಗೆ ಬರಬೇಕಾದ 5 ವೋಲ್ಟ್ ಗ್ರೌಂಡಿನ 7ಕ್ಕೆ ಬರುತ್ತದೆ, ಬೆರಳು ಸುಡುತ್ತದೆ. ಮುಂದಿನ ಬ್ಯಾಚಿನಲ್ಲಿ ಐದೋ ಆರೋ ಅಷ್ಟೇ. ಸತ್ತವನ್ನು ನಾನು ಎಸೆಯಲಿಲ್ಲ. ಒಳ್ಳೆಯದರ ಜೊತೆ ಬೆರೆಸಿ ಕೊಡುತ್ತೇನೆ, ಪಿನ್ನಿನಲ್ಲಿ 0 ಇದೆಯೋ 1 ಇದೆಯೋ ತೋರಿಸುವ ಪ್ರೋಬ್ ಹಿಡಿದು ಹುಡುಕಿ ಅಂತ. ನಾಲ್ಕು ಗೇಟಿನಲ್ಲಿ ಒಂದೇ ಸತ್ತ 7400 ಸಿಕ್ಕರೆ ನನಗೆ ಹಬ್ಬ. ಒಂದನ್ನೇ ಸಾಯಿಸುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ.

ಸ್ವಿಚ್ ಒಮ್ಮೆ ಒತ್ತಿದರೂ ಒಳಗಿನ ಲೋಹ ಪುಟಿದು ಹಲವು ಸಲ ತಾಗಿ, ಎಣಿಸುವ ಐಸಿ 7490 ಮೂರು ನಾಲ್ಕು ಅಂಕಿ ಹಾರುತ್ತದಲ್ವಾ, ಅದನ್ನೂ ಮೊದಲೇ ಹೇಳುವುದಿಲ್ಲ. ಒಂದು ಲ್ಯಾಬ್ ಪೂರ್ತಿ ಒದ್ದಾಡಲಿ. ಆಮೇಲೆ ಮೊದಲ ತಾಗುವಿಕೆಯನ್ನೇ ಹಿಡಿದಿಟ್ಟುಕೊಳ್ಳುವ, ಎರಡು ನ್ಯಾಂಡ್ ಗೇಟಿನ ಲ್ಯಾಚ್ ತೋರಿಸಿದರೆ, ಎಸ್‌ಆರ್ ಲ್ಯಾಚ್ ಯಾಕೆ ಬೇಕು ಅಂತ ನಾನು ಬಾಯಿ ಬಿಡಬೇಕಾಗಿಲ್ಲ. ಸಣ್ಣ ಸೂಚನೆಗೂ ಸ್ಪಂದಿಸುವ 74ಎಚ್‌ಸಿ ಜಾತಿಯ ಐಸಿಯ ಒಂದು ಇನ್‌ಪುಟ್ ಎಲ್ಲಿಗೂ ಜೋಡಿಸದೆ ಖಾಲಿ ಬಿಟ್ಟಾಗ ಕೈ ಹತ್ತಿರ ತಂದರೂ ಎಲ್‌ಇಡಿ ಮಿಣುಕಿತು. "ಸರ್, ಇದ್ಕೆ ಭೂತ ಹೊಕ್ಕದೆ!" ಅಂದ ಅಂಕೋಲಾ ಕಡೆಯ ಹುಡುಗ.

ನಡುವೆ ಹಾಸ್ಟೆಲ್ ಟ್ಯಾಂಕಿಗೆ 4011 ಅನ್ನುವ ಇನ್ನೊಂದು ನ್ಯಾಂಡ್ ಐಸಿ ಹಾಕಿ ನೀರಿನ ಮಟ್ಟ ತೋರಿಸಲು ಹೋದೆವು. ಇದರ ಪಿನ್ ಕ್ರಮ ಬೇರೆ ಅನ್ನುವುದು ಮರೆತು 7400ರ ಪಿನ್ ಲೆಕ್ಕದಲ್ಲೇ ಜೋಡಿಸಿ ಒಂದು ದಿನ ಹೋಯಿತು. ಅದು ಸರಿಯಾದ ಮೇಲೆ ನೀರಿಗೆ ಇಳಿಬಿಟ್ಟ ತಾಮ್ರದ ತಂತಿ ಕೆಲವೇ ವಾರದಲ್ಲಿ ಸವೆದುಹೋಯಿತು, ನೀರಿನಲ್ಲಿ ಸದಾ ಒಂದೇ ದಿಕ್ಕಿನ ಡಿಸಿ ಕರೆಂಟ್ ಹರಿದರೆ ಇನ್ನೇನಾಗುತ್ತದೆ. ಈಗ 555 ಟೈಮರ್ ಐಸಿ ಸೇರಿಸಿ ಆಗಾಗ ಮಾತ್ರ ಕರೆಂಟ್ ಕೊಡುತ್ತೇವೆ. ಬಾಳಿಕೆ ಸ್ವಲ್ಪ ಜಾಸ್ತಿಯಾಗಿದೆ, ಪೂರ್ತಿ ಗೆದ್ದಿಲ್ಲ.

ನಕ್ಕಿದ್ದ ಹಿರಿಯರು ಮೊನ್ನೆ ನಾಲ್ಕು ಬ್ರೆಡ್‌ಬೋರ್ಡ್ ಒಯ್ದಿದ್ದಾರೆ. ನನ್ನ 4,500ರಲ್ಲಿ ಬಿಲ್ ಪಾಸಾಗಿ ಬಂದಿದ್ದು 1,800 ಮಾತ್ರ, ಉಳಿದದ್ದಕ್ಕೆ ಇನ್ನೂ ಆಫೀಸಿಗೆ ಅಲೆಯುತ್ತಿದ್ದೇನೆ.