ಒಬ್ಬರೇ ಮೂವರಾಗಿದ್ದರು: ಗಿಟ್ ಲೆಕ್ಕ ಸರಿಯಾದ ಕಥೆ

ಹಾಸನದ ಮನೆಯಲ್ಲಿ ಕೂತು, ಎಂ.ಟೆಕ್ ಪ್ರಾಜೆಕ್ಟ್‌ಗಾಗಿ ಒಂದು ಓಪನ್ ಸೋರ್ಸ್ ತಂತ್ರಾಂಶದ ಗಿಟ್ ಇತಿಹಾಸ, ಅಂದ್ರೆ ಕೋಡ್‌ನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅನ್ನೋ ದಾಖಲೆ, ಅಳೆಯುತ್ತಿದ್ದೆ. ಒಂದೇ ಸಲ ಕೋಡ್ ಕೊಟ್ಟು ಹೋದವರು ಎಷ್ಟು ಜನ ಅನ್ನೋದು ಪ್ರಶ್ನೆ. ಅವರ ಸಂಖ್ಯೆ ಯಾಕೋ ವಿಪರೀತ ಜಾಸ್ತಿ ಬಂತು.

ಕೋಡ್ ಕೊಟ್ಟವರ ಪಟ್ಟಿ ತೋರಿಸುವ ಗಿಟ್ ಶಾರ್ಟ್‌ಲಾಗ್ ಆದೇಶವನ್ನು ಇಮೇಲ್ ಸಮೇತ ಓಡಿಸಿ ನೋಡಿದೆ. ಒಬ್ಬರೇ ಮೂರು ಸಾಲಲ್ಲಿದ್ದರು: ಆಫೀಸ್ ಮೇಲ್, ಸ್ವಂತ ಮೇಲ್, ಇನ್ನೊಂದರಲ್ಲಿ ಅಟ್ ಚಿಹ್ನೆ ಆದ ಮೇಲೆ ಬರೀ ಲ್ಯಾಪ್‌ಟಾಪ್ ಹೆಸರು! ಗಿಟ್ ಯಾರನ್ನೂ ಪರೀಕ್ಷಿಸುವುದಿಲ್ಲ, ಅವರವರ ಕಂಪ್ಯೂಟರ್‌ನ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್‌ನಲ್ಲಿ) ಇದ್ದ ಹೆಸರು, ಮೇಲ್ ಅನ್ನು ಸುಮ್ನೆ ಬರೆದುಕೊಳ್ಳುತ್ತದೆ, ಅಲ್ವಾ.

ಪ್ರಾಜೆಕ್ಟ್‌ನ ಮೂಲ ಫೋಲ್ಡರ್‌ನಲ್ಲಿ ಮೇಲ್‌ಮ್ಯಾಪ್ ಫೈಲ್ ಮಾಡಿದೆ; ಯಾವ ಯಾವ ಮೇಲ್ ಒಬ್ಬರದ್ದೇ ಅಂತ ಗಿಟ್‌ಗೆ ಹೇಳುವ ಫೈಲ್ ಇದು. ಸಾಲಿಗೊಂದರಂತೆ ಸರಿಯಾದ ಹೆಸರು, ಸರಿಯಾದ ಮೇಲ್, ಕೊನೆಗೆ ಹಳೆಯ ಮೇಲ್. ಆದರೂ ಲೆಕ್ಕ ಒಂಚೂರೂ ಕದಲಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಸಿಕ್ಕಿತು: ಲೆಕ್ಕಕ್ಕೆ ಬಳಸಿದ ಗಿಟ್ ಲಾಗ್ ಆದೇಶದ ಫಾರ್ಮ್ಯಾಟ್‌ನಲ್ಲಿ ನಾನು ಹೆಸರಿಗೆ ಚಿಕ್ಕ 'ಎನ್', ಮೇಲ್‌ಗೆ ಚಿಕ್ಕ 'ಇ' ಹಾಕಿದ್ದೆ, ಅವು ಮೇಲ್‌ಮ್ಯಾಪ್ ನೋಡುವುದೇ ಇಲ್ಲ, ದೊಡ್ಡಕ್ಷರ ಹಾಕಿದರೆ ಮಾತ್ರ ನೋಡುತ್ತವೆ.

ಹೆಸರು ಒಂದೇ ಅಂತ ಕಣ್ಣುಮುಚ್ಚಿ ಸೇರಿಸಬೇಡಿ. ಒಂದೇ ಹೆಸರಿನ ಇಬ್ಬರು ಇರಬಹುದು. ಅನುಮಾನ ಬಂದ ಕಡೆಯೆಲ್ಲ ಕಮಿಟ್‌ಗಳನ್ನೇ (ದಾಖಲಾದ ಒಂದೊಂದು ಬದಲಾವಣೆಯನ್ನೇ) ತೆರೆದು ಓದಿದೆ. ತಾವಾಗಿಯೇ ಕೋಡ್ ಸೇರಿಸುವ ಪ್ರೋಗ್ರಾಂಗಳಾದ ಬಾಟ್‌ಗಳನ್ನೂ ಲೆಕ್ಕದಿಂದ ತೆಗೆದೆ. ಈಗ ಒಂದೇ ಸಲ ಬಂದವರ ಪಟ್ಟಿ ನಂಬುವ ಹಾಗಿದೆ.