ಮೊದಲು ಡಯಲ್, ಆಮೇಲೆ ಮಷಿನ್: ಹಳೇ ಎಚ್‌ಎಂಟಿ ಹುಡುಕುವವರಿಗೆ

ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಟಿ.ಸಿ., ಅಂದರೆ ಟ್ರಾಫಿಕ್ ಕಂಟ್ರೋಲರ್, ಆಗಿದ್ದೆ. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆಯುವುದೇ ಕೆಲಸ. ಅಷ್ಟೂ ವರ್ಷ ಎಡಗೈಯಲ್ಲಿ ಇದ್ದದ್ದು ಅಪ್ಪ ಕೊಟ್ಟ ಎಚ್‌ಎಂಟಿ ಜನತಾ ವಾಚು. ರಿಟೈರ್ ಆದ ಮೇಲೆ ಅದಕ್ಕೆ ಜೊತೆ ಹುಡುಕುತ್ತಾ ಹೋದೆ. ಈಗ ಮನೆಯಲ್ಲಿ ಹತ್ತೊಂಬತ್ತು ಇವೆ, ಎಲ್ಲವೂ ಕೀ ಕೊಡುವಂಥವು. ನಮ್ಮ ಕಡೆಯ ಹುಡುಗರು ಕೆಲವರು ಈಚೆಗೆ ಬಂದು, ಹೇಗೆ ಕೊಳ್ಳೋದು ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಚ್‌ಎಂಟಿ ವಾಚು ಶುರುವಾಗಿದ್ದು 1961ರಲ್ಲಿ, ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರು. 2016ರಲ್ಲಿ ವಾಚಿನ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆಮೇಲೆ ಇವುಗಳನ್ನು ಕೇಳುವವರು ಜಾಸ್ತಿಯಾದರು. ಜೊತೆಗೆ ಹಳೇ ಡಯಲ್ಲಿಗೆ ಹೊಸ ಬಣ್ಣ ಬಳಿದ ಮಾಲೂ ಜಾಸ್ತಿಯಾಯಿತು.

ಹೊಸಬರು ಮೂರು ಹೆಸರು ಹಿಡಿದುಕೊಂಡರೆ ಸಾಕು. ಜನತಾ, ಪೈಲಟ್, ಜವಾನ್. ಜನತಾ ಸಾದಾ. ಪೈಲಟ್‌ಗೆ ಕಪ್ಪು ಡಯಲ್, ದೊಡ್ಡ ಅಂಕಿ. ಜವಾನ್ ಅಂದರೆ ಸೈನಿಕ. ಮನೆಗೊಬ್ಬರು ಸೈನ್ಯಕ್ಕೆ ಹೋದ ನಮ್ಮ ಕೊಡಗಿನಲ್ಲಿ ಆ ಹೆಸರಿನ ವಾಚು ಕಂಡರೆ ಕೈ ತಾನಾಗಿ ನಿಲ್ಲುತ್ತದೆ.

ಕೊಳ್ಳುವಾಗ ಮೊದಲು ಡಯಲ್ ನೋಡಿ. ಮಷಿನ್ ನಿಂತಿದ್ದರೆ ಚಿಂತೆ ಬೇಡ. ಬಹಳ ಮಾಡೆಲ್‌ಗಳಲ್ಲಿ ಇರುವುದು 0231 ಅನ್ನುವ ಹದಿನೇಳು ಕಲ್ಲಿನ (ಒಳಗೆ ತಿರುಗುವ ಭಾಗ ಸವೆಯದಂತೆ ಕೂರಿಸುವ ಜ್ಯೂವೆಲ್) ಮಷಿನ್. ಲಕ್ಷಗಟ್ಟಲೆ ಮಾಡಿದ್ದಾರೆ, ಬಿಡಿಭಾಗ ಇನ್ನೂ ಸಿಗುತ್ತದೆ. ಗ್ಲಾಸು ಪ್ಲಾಸ್ಟಿಕ್ಕಿನದು, ಗೀರು ಬಿದ್ದರೆ ಉಜ್ಜಿದರೆ ಹೋಗುತ್ತದೆ, ಒಡೆದರೆ ಹೊಸದು ಹಾಕಬಹುದು. ಡಯಲ್ ಮಾತ್ರ ಒಂದು ಸಲ ಕೆರೆದು ಬಣ್ಣ ಬಳಿದರೆ ಮುಗಿಯಿತು. ಫ್ಯಾಕ್ಟರಿಯಲ್ಲಿ ಅಚ್ಚಾದ ಆ ಅಕ್ಷರ ಮತ್ತೆ ಬರುವುದಿಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಶುರುವಿನಲ್ಲಿ ಬೇರೆ ಊರಿನಿಂದ ಒಂದು ಪೈಲಟ್ ತರಿಸಿದೆ, ಸಾವಿರದ ಎಂಟುನೂರು ರೂಪಾಯಿ. ಫೋಟೋದಲ್ಲಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮನೆಗೆ ಬಂದ ಮೇಲೆ ಭೂತಗನ್ನಡಿ ಹಿಡಿದೆ. ಆರು ಗಂಟೆಯ ಪಕ್ಕದ ಸಣ್ಣ ಅಕ್ಷರಗಳು ನೆನೆದ ಕಾಗದದ ಮೇಲಿನ ಇಂಕಿನ ಹಾಗೆ ಹರಡಿದ್ದವು. ನಿಮಿಷದ ಗೆರೆಗಳು ಒಂದು ಕಡೆ ಡಯಲ್ಲಿನ ಅಂಚಿಗೆ ತಾಗಿದ್ದವು, ಇನ್ನೊಂದು ಕಡೆ ದೂರ ಇದ್ದವು. ನಡುವೆ ಮುಳ್ಳು ಕೂರುವ ತೂತಿನ ಸುತ್ತ ಬಣ್ಣ ದಪ್ಪಗೆ ಗಟ್ಟಿಯಾಗಿತ್ತು. ಐವತ್ತು ವರ್ಷದ ವಾಚಿನ ಮುಳ್ಳಿನ ಮೇಲೆ ಹಚ್ಚ ಹಸಿರು ರೇಡಿಯಂ ಬೇರೆ. ಮೂಲ ಪೈಲಟ್ಟಿನ ಅಕ್ಷರ ಎಷ್ಟೇ ಸಣ್ಣದಿದ್ದರೂ ಅಂಚು ಚೂಪಾಗಿರುತ್ತದೆ. ಆ ವಾಚನ್ನು ಈಗಲೂ ಇಟ್ಟುಕೊಂಡಿದ್ದೇನೆ, ಕೇಳಲು ಬಂದವರಿಗೆ ತೋರಿಸಲು.

ಆದ್ದರಿಂದ ಫೋಟೋ ನೋಡಿ ಕೊಳ್ಳುವುದಾದರೆ ಡಯಲ್ಲಿನ ಹತ್ತಿರದ ಚಿತ್ರ, ಹಿಂದಿನ ಮುಚ್ಚಳ ತೆಗೆದ ಚಿತ್ರ, ಎರಡನ್ನೂ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ. ಕೆಂಪು, ಕಿತ್ತಳೆ, ಗಿಳಿ ಹಸಿರು ಡಯಲ್ಲಿನ ಜನತಾ ಕಂಡರೆ ಎರಡು ಸಲ ಯೋಚಿಸಿ, ಆಮೇಲೆ ಬಳಿದ ಬಣ್ಣ ಇರಬಹುದು. ಹಳದಿಗೆ ತಿರುಗಿದ, ಅಲ್ಲಲ್ಲಿ ಚುಕ್ಕೆ ಬಿದ್ದ ಡಯಲ್ ನನಗೆ ಅದಕ್ಕಿಂತ ಎಷ್ಟೋ ಮೇಲು. ಸಾಧ್ಯವಾದರೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ. ಸರಿಯಾದ ಡಯಲ್ ಹೇಗಿರುತ್ತೆ ಅಂತ ಕಣ್ಣಿಗೆ ರೂಢಿಯಾಗಬೇಕು.

ಮಷಿನ್ ಪರೀಕ್ಷೆ ಸುಲಭ. ಕೀ ಕೊಡಿ, ಬಿಗಿಯಾದ ಕೂಡಲೇ ನಿಲ್ಲಿಸಿ. ಕಿವಿಗೆ ಹಿಡಿಯಿರಿ. ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000. ಸದ್ದು ಒಂದೇ ಸಮ ಇರಬೇಕು, ಕುಂಟಬಾರದು. ಒಂದು ದಿನ ಅಂಗಾತ ಇಡಿ, ಮರುದಿನ ಕೀ ಕೆಳಗೆ ಮಾಡಿ ನಿಲ್ಲಿಸಿ. ಎಷ್ಟು ಹಿಂದೆ, ಎಷ್ಟು ಮುಂದೆ ಅಂತ ಬರೆದುಕೊಳ್ಳಿ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮ್ಯಾಗ್ನೆಟ್ ಹಿಡಿದಿರಬಹುದು. ರಿಪೇರಿಯವರು ಎರಡು ನಿಮಿಷದಲ್ಲಿ ತೆಗೆದು ಕೊಡುತ್ತಾರೆ.

ನಮ್ಮೂರಲ್ಲಿ ವಾಚಿಗೆ ದೊಡ್ಡ ಶತ್ರು ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ, ಬೀರುವಿನ ಬಟ್ಟೆಗೆ ಬೂಷ್ಟು ಬರುತ್ತದೆ. ಹಳೇ ವಾಚಿನ ರಬ್ಬರ್ ರಿಂಗ್ ಒಣಗಿರುತ್ತದೆ, ತೇವ ಸೀದಾ ಒಳಗೆ ಹೋಗುತ್ತದೆ. ಕೆಲವರು ಅಕ್ಕಿ ಡಬ್ಬದಲ್ಲಿ ಇಡುತ್ತಾರೆ. ಬೇಡ, ಅಕ್ಕಿಯ ಧೂಳು ಕೀ ಸಂದಿಗೆ ಇಳಿಯುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಶೂ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ. ಚರ್ಮದ ಬೆಲ್ಟನ್ನು ಬಿಚ್ಚಿ ಬೇರೆ ಇಡಿ, ಬೂಷ್ಟು ಶುರುವಾಗುವುದೇ ಅಲ್ಲಿಂದ. ವಾರಕ್ಕೊಮ್ಮೆ ಕೀ ಕೊಟ್ಟು ಓಡಿಸಿ. ಗ್ಲಾಸಿನ ಒಳಗೆ ಮಂಜು ಕಂಡರೆ ಬಿಸಿಲಿಗೆ ಇಡಬೇಡಿ, ಒಲೆ ಹತ್ತಿರವೂ ಬೇಡ. ಅದೇ ದಿನ ರಿಪೇರಿಯವರ ಹತ್ತಿರ ಹೋಗಿ ಬೆನ್ನು ತೆಗೆಸಿ. ಎರಡು ದಿನ ತಡ ಮಾಡಿದರೆ ಕಬ್ಬಿಣದ ಭಾಗ ತುಕ್ಕು ಹಿಡಿಯುತ್ತದೆ.

ಒಳ್ಳೇ ವಾಚುಗಳು ನನಗೆ ಸಿಕ್ಕಿದ್ದು ಅಂಗಡಿಗಿಂತ ಮನೆಗಳಲ್ಲಿ ಜಾಸ್ತಿ. ಶುಕ್ರವಾರ ಮಡಿಕೇರಿ ಸಂತೆಗೆ ಬರುವ ಪರಿಚಯದವರನ್ನು ಕೇಳುತ್ತಿರುತ್ತೇನೆ. ಒಮ್ಮೆ ಸೋಮವಾರಪೇಟೆ ಕಡೆಯ ಒಂದು ಮನೆಗೆ ಕರೆದರು. ಸುಬೇದಾರರ ಹೆಂಡತಿ, ಎಂಬತ್ತು ದಾಟಿದವರು. ಬಿಸ್ಕತ್ ಡಬ್ಬದಿಂದ ಕರವಸ್ತ್ರ ಬಿಚ್ಚಿ ಜವಾನ್ ತೆಗೆದರು. ಕೇಸಿನ ಎಡ ಅಂಚು ನುಣ್ಣಗೆ ಸವೆದಿತ್ತು. ಡಯಲ್ಲಿಗೆ ಯಾರೂ ಕೈ ಹಾಕಿರಲಿಲ್ಲ. ನಾನು ಬೆಲೆ ಹೇಳಿದೆ.

"ಟಿ.ಸಿ.ಯವರೇ, ಮಾರುವುದಕ್ಕೆ ಕರೆದದ್ದಲ್ಲ. ಇದು ನಡೆಯುತ್ತದಾ ಅಂತ ನೋಡಿ," ಅಂದರು.

ಕೀ ಕೊಟ್ಟೆ. ಕಾಲು ಸುತ್ತು ತಿರುಗಿ ನಿಂತಿತು, ಎಣ್ಣೆ ಒಣಗಿತ್ತು. ರಿಪೇರಿಗೆ ಕೊಟ್ಟೆ, ಡಯಲ್ ತೊಳೆಯಬೇಡಿ ಅಂತ ಎರಡು ಸಲ ಹೇಳಿ. ಹತ್ತು ದಿನಕ್ಕೆ ವಾಪಸ್ ತಂದು ಅವರ ಕಿವಿಗೆ ಹಿಡಿದೆ. ಅವರು ಕಣ್ಣು ಮುಚ್ಚಿಕೊಂಡು ತುಂಬಾ ಹೊತ್ತು ಕೇಳಿದರು. ಈಗ ಪ್ರತಿ ವರ್ಷ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಹೋಗಿ ಸಿಲಿಕಾ ಪೊಟ್ಟಣ ಬದಲಾಯಿಸಿ ಬರುತ್ತೇನೆ.

ಇನ್ನೊಬ್ಬರ ಮನೆಯ ವಾಚು ಕೇಳಲು ಹೋಗುವಾಗ ಒಂದು ನೋಟ್‌ಬುಕ್ ಜೊತೆಗಿರಲಿ. ಯಾರದ್ದು, ಯಾವ ರೆಜಿಮೆಂಟು, ಯಾವ ವರ್ಷ ತೆಗೆದದ್ದು, ಎಲ್ಲ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಬಿಲ್ಲು, ಡಬ್ಬಿ ಇದ್ದರೆ ಫೋಟೋ ತೆಗೆದುಕೊಳ್ಳಿ. ಕೊಡುತ್ತೇವೆ ಅಂದರೆ ಸರಿಯಾದ ಬೆಲೆ ಕೊಡಿ. ಕೊಡಲ್ಲ ಅಂದರೆ ಕಾಫಿ ಕುಡಿದು, ಕೀ ಹೇಗೆ ಕೊಡಬೇಕು ಅಂತ ಹೇಳಿಕೊಟ್ಟು ಬನ್ನಿ.